ಮಂಗಳವಾರದ ರಜೆ ಚೀಟಿ

ನಾನು ಓದು ನಿಲ್ಲಿಸಿದ್ದು ೧೯೯೩ರಲ್ಲಿ. ಒಂಬತ್ತನೇ ತರಗತಿಯ ಅರ್ಧ ವಾರ್ಷಿಕ ಪರೀಕ್ಷೆ ಬರೆದಿದ್ದೆ, ಫಲಿತಾಂಶ ನೋಡಲು ಹೋಗಲಿಲ್ಲ. ಪಾಸಾಗಿದ್ದೆ ಎಂದೇ ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ. ಇಲ್ಲ ಎನ್ನಲು ಯಾರ ಹತ್ತಿರವೂ ಕಾಗದವಿಲ್ಲ.

ಶಾಲೆ ನನಗೆ ಕಲಿಸಿದ್ದರಲ್ಲಿ ಮರೆಯದೆ ಉಳಿದಿರುವುದು ಎರಡು. ಒಂದು, ಹದಿನಾರರವರೆಗಿನ ಮಗ್ಗಿ. ಇನ್ನೊಂದು, ರಜೆ ಚೀಟಿ. ‘ಮಾನ್ಯರೇ, ನನಗೆ ನಿನ್ನೆಯಿಂದ ಜ್ವರ ಬಂದಿರುವ ಕಾರಣ ಈ ದಿನ ಶಾಲೆಗೆ ಬರಲು ಸಾಧ್ಯವಾಗುವುದಿಲ್ಲವಾದ್ದರಿಂದ...’ ಇಡೀ ತರಗತಿಯಲ್ಲಿ ನಲವತ್ತೆಂಟು ಜನ ಕೂತು ಇದನ್ನು ಬರೆದಿದ್ದೆವು; ನಲವತ್ತೆಂಟು ಜನಕ್ಕೂ ನಿನ್ನೆಯಿಂದಲೇ ಜ್ವರ. ಮಗ್ಗಿ ಕಬ್ಬಿಣ ಕಡೆಯುವ ಲೇಥ್ ಮಷಿನ್ ಮುಂದೆ ದಿನಾ ಉಪಯೋಗಕ್ಕೆ ಬಂತು. ರಜೆ ಚೀಟಿ ಮಾತ್ರ ಒಂದು ಸಲವೂ ಬರಲಿಲ್ಲ. ಹರಿಹರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಲೇಥ್ ಓಡಿಸಿದೆ. ವಾರದ ರಜೆ ಬಿಟ್ಟರೆ ಒಂದೇ ಒಂದು ದಿನವೂ ಚೀಟಿ ಬರೆದು ರಜೆ ಕೇಳಿದವನಲ್ಲ. ಇದನ್ನು ಮೊದಲು ಎದೆ ಉಬ್ಬಿಸಿ ಹೇಳುತ್ತಿದ್ದೆ. ಈಗ ಸ್ವಲ್ಪ ಮೆತ್ತಗೆ ಹೇಳುತ್ತೇನೆ. ಯಾಕೆಂದರೆ ಈ ಹೆಮ್ಮೆಯಿಂದ ಒಬ್ಬ ಅಕ್ಕನನ್ನು ಕಳೆದುಕೊಳ್ಳುವುದರಲ್ಲಿದ್ದೆ. ಅವಳನ್ನು ಉಳಿಸಿಕೊಳ್ಳಲು ಹೋಗಿ ಒಬ್ಬ ಗೆಳೆಯನನ್ನು ಕಳೆದುಕೊಳ್ಳುವುದರಲ್ಲಿದ್ದೆ.

ಎಲ್ಲಕ್ಕೂ ಮೂಲ ನಮ್ಮ ಕಾರ್ಖಾನೆಯ ವಾರದ ರಜೆ. ಅದು ಮಂಗಳವಾರ. ಕರೆಂಟು ಸಾಲದ ಕಾಲದಲ್ಲಿ ಒಂದೊಂದು ಕಾರ್ಖಾನೆಗೆ ಒಂದೊಂದು ದಿನ ರಜೆ ಹಂಚಿಕೊಂಡಿದ್ದರು ಎಂದು ನಮ್ಮ ಮಾಲೀಕರು ಹೇಳುತ್ತಿದ್ದರು. ಆಮೇಲೆ ಕರೆಂಟು ಬಂತು, ಮಂಗಳವಾರ ಹೋಗಲಿಲ್ಲ.

ರಜೆಯ ದಿನ ಯಾವುದಾದರೇನು, ಮಲಗುವುದಕ್ಕೆ ಎಲ್ಲ ದಿನವೂ ಒಂದೇ ಅಲ್ಲವೇ ಎಂದು ನೀವು ಕೇಳಬಹುದು. ಮಂಗಳವಾರ ರಜೆ ಪಡೆದವನಿಗೆ ಗೊತ್ತು ಅದರ ಕಷ್ಟ. ಆ ದಿನ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ಗೃಹಪ್ರವೇಶ ಮಾಡುವುದಿಲ್ಲ, ಹೆಣ್ಣು ನೋಡಲು ಹೋಗುವುದಿಲ್ಲ. ನಮ್ಮಮ್ಮನ ಲೆಕ್ಕದಲ್ಲಂತೂ ಸತ್ತವರ ಮನೆಗೆ ಮಾತಾಡಿಸಲೂ ಹೋಗುವ ಹಾಗಿಲ್ಲ. ಬಾಣಂತಿ ಮನೆಗೂ ಇಲ್ಲ. ಇನ್ನುಳಿದ ಒಂದೇ ದಾರಿ ಕಟಿಂಗ್ ಮಾಡಿಸಿಕೊಂಡು ಬರುವುದು. ಮಂಗಳವಾರ ಕಟಿಂಗ್ ಅಂಗಡಿಗಳಿಗೂ ರಜೆ!

ಈ ವಾರದ ರಜೆ ಎನ್ನುವುದೇ ವಿಚಿತ್ರ ವ್ಯವಹಾರ. ಬೇಸಾಯ ಮಾಡುತ್ತಿದ್ದ ನಮ್ಮಪ್ಪನಿಗೆ ಸೋಮವಾರ ರಜೆ. ಅದೂ ಅವನಿಗಲ್ಲ, ಎತ್ತಿಗೆ. ಬಸವಣ್ಣನ ವಾರ, ಹೆಗಲ ಮೇಲೆ ನೊಗ ಇಡಬಾರದು. ಎತ್ತು ನೆರಳಲ್ಲಿ ಮೆಲುಕು ಹಾಕುತ್ತಿದ್ದರೆ ಅಪ್ಪನಿಗೂ ಬೇರೆ ದಾರಿ ಇರಲಿಲ್ಲ, ಕೂರುತ್ತಿದ್ದ. ಊರಿಗೆ ಊರೇ ಸೋಮವಾರ ಕೂರುತ್ತಿತ್ತು; ನೆಂಟರು ಬಂದರೂ ಸೋಮವಾರ, ಜಗಳ ಬಗೆಹರಿಸಿದರೂ ಸೋಮವಾರ. ಆಮೇಲೆ ಶಾಲೆ, ಕಚೇರಿಗಳು ಬಂದು ಜನರೆಲ್ಲ ಭಾನುವಾರಕ್ಕೆ ಹೋದರು. ಅಪ್ಪನಿಗೆ ಎತ್ತಿನ ದಯೆಯಿಂದ ರಜೆ, ನನಗೆ ಕರೆಂಟಿನ ದಯೆಯಿಂದ. ಒಂದೇ ವ್ಯತ್ಯಾಸ: ಅಪ್ಪ ಕೂತಾಗ ಜೊತೆಗೆ ಊರು ಕೂತಿತ್ತು. ನಾನು ಕೂತಾಗ ಬೀದಿಯಲ್ಲಿ ಯಾರೂ ಇರಲಿಲ್ಲ.

ಯಾರೂ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹನುಮಂತ ಇದ್ದ.

ಹನುಮಂತನದು ನಮ್ಮ ಮನೆಯಿರುವ ನಿಟ್ಟುವಳ್ಳಿ ಬಡಾವಣೆಯಲ್ಲೇ ಎರಡು ಕುರ್ಚಿಯ ಕಟಿಂಗ್ ಅಂಗಡಿ. ಶಾಲೆಯಲ್ಲಿ ನನ್ನ ಬೆಂಚಿನವನು. ಅವನು ನನಗಿಂತ ಒಂದೂವರೆ ವರ್ಷ ಹೆಚ್ಚು ಓದಿ ಎಸ್ಸೆಸ್ಸೆಲ್ಸಿ ಫೇಲಾದ. “ನಾನು ಫೇಲಾಗಾಕಾದ್ರೂ ಹೋದೆ ಬಸ್ಯಾ, ನೀನು ಅಲ್ಲಿಗೂ ಬರಲಿಲ್ಲ” ಎಂದು ಅಣಕಿಸುತ್ತಾನೆ. ಲೇಥ್ ಕೆಲಸದಲ್ಲಿ ನಾವು ತೀರ ಸಣ್ಣ ಅಳತೆಗೆ ‘ಒಂದು ಕೂದಲು’ ಎನ್ನುತ್ತೇವೆ. ಒಂದು ಕೂದಲು ಹೆಚ್ಚು, ಅರ್ಧ ಕೂದಲು ಕಡಿಮೆ. ಅದು ಅವನಿಗೆ ತಿಳಿದ ದಿನದಿಂದ, “ನಾವಿಬ್ರೂ ಒಂದೇ ಕಸುಬಿನೋರು, ನಾನು ಮೆತ್ತನೆ ತಲೆ, ನೀನು ಗಟ್ಟಿ ತಲೆ” ಎನ್ನತೊಡಗಿದ.

ಮಂಗಳವಾರ ಹನುಮಂತನಿಗೆ ಅಂಗಡಿ ರಜೆಯೇ ಹೊರತು ಕೆಲಸಕ್ಕೆ ರಜೆಯಿಲ್ಲ. ವಾರವೆಲ್ಲ ಗಿರಾಕಿಗಳ ಕೊರಳಿಗೆ ಕಟ್ಟಿದ ಬಿಳಿ ಬಟ್ಟೆಗಳನ್ನು ಒಗೆಯುವ ದಿನ ಅದು. ಅವನ ಹೆಂಡತಿ ಅಂಗನವಾಡಿ ಕೆಲಸಕ್ಕೆ ಹೋದ ಮೇಲೆ ಅವನು ಮಾಳಿಗೆ ಮೇಲೆ ಬಕೆಟ್ ಇಟ್ಟುಕೊಂಡು ಕೂರುವನು. ನಾನು ಹೋಗುವೆ. ಆ ಬಟ್ಟೆ ದೊಡ್ಡದು, ನೀರು ಕುಡಿದರೆ ಭಾರ. ಒಬ್ಬನ ಕೈಗೆ ಹಿಂಡಲು ಬಗ್ಗುವುದಿಲ್ಲ. ಒಂದು ತುದಿ ಅವನು ಹಿಡಿಯಬೇಕು, ಇನ್ನೊಂದು ತುದಿ ನಾನು. ಅವನು ಬಲಕ್ಕೆ ತಿರುವಿದರೆ ನಾನು ಎಡಕ್ಕೆ. ಹೀಗೆ ಇಪ್ಪತ್ತು ಬಟ್ಟೆ. ಒಣಹಾಕಿ, ನೆರಳಲ್ಲಿ ಕೂತು, ಮಂಡಕ್ಕಿ ಮಿರ್ಚಿ ತಿಂದು, ಟೀ ಕುಡಿಯುವುದು. ಇದಕ್ಕೆ ಯಾರೂ ಸ್ನೇಹ ಎಂದು ಹೆಸರಿಟ್ಟಿರಲಿಲ್ಲ. ನಮ್ಮ ಮನೆಯಲ್ಲಿ “ಬಟ್ಟೆ ಹಿಂಡಾಕೆ ಹೋಗ್ಯಾರೆ” ಎನ್ನುತ್ತಿದ್ದರು, ಅಷ್ಟೇ.

ಎಷ್ಟೇ ಬೇಡಿಕೊಂಡರೂ ಆ ದಿನ ಹನುಮಂತ ನನ್ನ ತಲೆ ಮಾತ್ರ ಮುಟ್ಟುತ್ತಿರಲಿಲ್ಲ. “ಮಂಗಳವಾರ ಕತ್ತರಿ ಹಿಡಿದ್ರೆ ಸಂಘದೋರು ಬಿಟ್ರೂ ನಮ್ಮಪ್ಪ ಬಿಡಲ್ಲ” ಎನ್ನುವನು. ಅವರಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು.

ಇನ್ನು ಅಕ್ಕನ ವಿಷಯ. ಸರೋಜಕ್ಕ ಹರಿಹರದಲ್ಲಿದ್ದಾಳೆ. ಎರಡೂವರೆ ವರ್ಷದ ಹಿಂದೆ ಅವಳ ಮಗಳ ಮದುವೆ, ಭಾನುವಾರ. ಕಲ್ಯಾಣ ಮಂಟಪ ನಮ್ಮ ಕಾರ್ಖಾನೆಯ ಹಿಂದಿನ ರಸ್ತೆಯಲ್ಲೇ. ಸೋದರಮಾವ ನಾನು. ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆದುಕೊಂಡು ಹೋಗಬೇಕಾದವನು. ಆ ವಾರವೇ ಒಂದು ಗಿರಣಿಯ ಚಕ್ರ ತಿರುಗಿಸುವ ಶಾಫ್ಟ್ ಮುರಿದು ನಮ್ಮಲ್ಲಿಗೆ ಬಂದಿತ್ತು. ಅರ್ಜೆಂಟು. ಮಾಲೀಕರು ನನ್ನನ್ನು ತಡೆಯಲಿಲ್ಲ. ತಡೆಯಲು ನಾನು ಕೇಳಿದ್ದರೆ ತಾನೇ? ಬೇರೆಯವನು ಕೈ ಹಾಕಿದರೆ ಒಂದು ಕೂದಲು ಹೆಚ್ಚುಕಮ್ಮಿ ಆಗುತ್ತದೆ ಎಂಬ ಜಂಬ. ಎರಡು ಗಂಟೆಗೆ ಮುಗಿಸಿ ಹೋದರಾಯಿತು ಎಂದುಕೊಂಡೆ. ಬೆಳಗಿನಿಂದ ವಾಲಗದ ಸದ್ದು ನನ್ನ ಲೇಥ್‌ವರೆಗೂ ಬರುತ್ತಿತ್ತು. ಗಟ್ಟಿಮೇಳ ಜೋರಾದಾಗ ನಾನು ಮಷಿನ್ ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಶಾಫ್ಟ್ ಮೇಲೆ ಗೆರೆ ಬೀಳುತ್ತಿತ್ತು.

ನಾನು ಹೋದಾಗ ಅಡಿಗೆಯವರು ಕೊಳಗ ತೊಳೆಯುತ್ತಿದ್ದರು. ಅಕ್ಕ ಎಲೆ ಹಾಕಿ ಬಡಿಸಿದಳು. “ನಿನ್ನ ಜಾಗದಾಗೆ ಪಕ್ಕದ ಮನೆ ರುದ್ರಪ್ಪನ್ನ ನಿಲ್ಲಿಸಿದ್ವಿ” ಎಂದಳು. ಅಷ್ಟೇ. ಬೈಯಲಿಲ್ಲ. ಅಪ್ಪ ಅಮ್ಮ ಹೊಲಕ್ಕೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಮಾತಿಗೊಂದು ಬೈಗುಳ ಇಡುವವಳು ಅವಳು. ಅವಳು ಬೈಯದೆ ಬಿಟ್ಟರೆ ಎಲ್ಲೋ ಏನೋ ಮುರಿದಿದೆ ಎಂದು ಅರ್ಥ. ಆಮೇಲೆ ಹಬ್ಬಕ್ಕೆ ಫೋನು ಮಾಡಿದರೂ “ಆರಾಮಿದೀವಿ, ನೀವೆಲ್ಲ ಆರಾಮಾ” ಎಂದು ಇಟ್ಟುಬಿಡುತ್ತಿದ್ದಳು.

ಎರಡು ವರ್ಷ ಈ ‘ಆರಾಮಿದೀವಿ’ ಕೇಳಿದ ಮೇಲೆ ನಾನು ಕೆಲಸ ಬಿಟ್ಟೆ. ನಲವತ್ತಾರನೇ ವಯಸ್ಸಿನಲ್ಲಿ, ಯಾರೂ ಬಿಡು ಎನ್ನದೆ. ಮಾಲೀಕರು ನಂಬಲಿಲ್ಲ. “ಯಾಕ ಬಸಣ್ಣ, ಯಾರಾದ್ರೂ ಏನಾದ್ರೂ ಅಂದ್ರಾ?” ಎಂದರು. ಯಾರೂ ಏನೂ ಅನ್ನದೆ ಇದ್ದುದೇ ಕಷ್ಟವಾಗಿತ್ತು ಎಂದು ಹೇಗೆ ಹೇಳುವುದು?

ಕರೂರು ಕೈಗಾರಿಕಾ ಪ್ರದೇಶದಲ್ಲಿ ಹೊಸ ಕೆಲಸ. ಮನೆಯಿಂದ ಗಾಡಿಯಲ್ಲಿ ಹೋಗುವಷ್ಟು ಹತ್ತಿರ. ಸಂದರ್ಶನ ಮಾಡಿದವನು ಎಳೆ ವಯಸ್ಸಿನ ಇಂಜಿನಿಯರು. “ಏನ್ ಓದಿದೀರಿ?” ಎಂದ. “ಒಂಬತ್ತು, ಅರ್ಧ” ಎಂದೆ. ಮೇಜಿನ ಮೇಲಿದ್ದ ಒಂದು ಬುಷ್, ಕಬ್ಬಿಣದ ಸಣ್ಣ ಬಳೆಯಂಥದ್ದು, ಕೊಟ್ಟು ಅಳತೆ ಹೇಳಿ ಎಂದ. ಬೆರಳಾಡಿಸಿ ಹೇಳಿದೆ. ಅವನು ಉಪಕರಣ ಇಟ್ಟು ನೋಡಿದ, ಮತ್ತೆ ನನ್ನನ್ನು ನೋಡಿದ. “ನೀವು ಏನಾದ್ರೂ ಕೇಳೋದಿದ್ರೆ ಕೇಳ್ರಿ” ಎಂದ. ಸಂಬಳ ಕೇಳುತ್ತಾನೆ ಎಂದುಕೊಂಡಿದ್ದನೋ ಏನೋ. “ವಾರದ ರಜೆ ಯಾವತ್ತು ಸರ್?” ಎಂದೆ. “ಸಂಡೇ.” “ಬರ್ತೀನಿ” ಎಂದೆ.

ಮೊದಲ ಭಾನುವಾರ ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಬೆಳಿಗ್ಗೆ ಬಾಗಿಲಿಗೆ ಬಂದು ನೋಡಿದರೆ ಬೀದಿ ತುಂಬ ಗಂಡಸರು! ಲುಂಗಿ ಉಟ್ಟು ಗಾಡಿ ತೊಳೆಯುವವರು, ಮಟನ್ ಅಂಗಡಿಗೆ ಹೊರಟವರು, ಸುಮ್ಮನೆ ಸೊಂಟದ ಮೇಲೆ ಕೈ ಇಟ್ಟು ನಿಂತವರು. ಇಷ್ಟು ಜನ ನಮ್ಮ ಬೀದಿಯಲ್ಲಿದ್ದಾರೆ ಎಂದೇ ನನಗೆ ಗೊತ್ತಿರಲಿಲ್ಲ. ಎದುರು ಮನೆಯವರು “ಹೊಸದಾಗಿ ಬಾಡಿಗೆಗೆ ಬಂದ್ರಾ?” ಎಂದು ಕೇಳದೆ ಬಿಟ್ಟದ್ದು ಅವರ ದೊಡ್ಡ ಗುಣ.

ನನ್ನ ಹೆಂಡತಿ ರತ್ನ ಬಹಳ ದಿನದಿಂದ ಕಾದಿದ್ದವಳಂತೆ ಒಂದು ಪಟ್ಟಿ ಮಾಡಿದಳು. ಇಪ್ಪತ್ತಾರು ವರ್ಷದಲ್ಲಿ ನಾನು ಹೋಗಬೇಕಾಗಿ ಹೋಗದೆ ಉಳಿದ ಮನೆಗಳು. ಭಾನುವಾರಕ್ಕೆ ಎರಡರಂತೆ ಹೊರಟೆವು. ದೇವರಾಜ ಅರಸು ಬಡಾವಣೆಯಲ್ಲಿ ಅವಳ ಚಿಕ್ಕಪ್ಪನ ಮನೆಯಿದೆ. ಬಾಳೆಹಣ್ಣು ಹಿಡಿದು ಒಳಗೆ ಕಾಲಿಟ್ಟರೆ ಆ ಮನೆಯವರ ಮುಖವೇ ಬಿಳಿಚಿತು. “ಏನಾತು? ಯಾರಿಗೆ ಏನಾತು?” ಎಂದು ಚಿಕ್ಕಮ್ಮ ಎದ್ದು ನಿಂತರು. ಏನೂ ಇಲ್ಲ, ಸುಮ್ಮನೆ ಬಂದೆವು ಎಂದರೆ ನಂಬುವುದಿಲ್ಲ. ಲಗ್ನಪತ್ರಿಕೆ ಇದೆಯೇನೋ ಎಂದು ಅವರ ಕಣ್ಣು ರತ್ನಳ ಚೀಲದ ಮೇಲೆ. ಟೀ ಕುಡಿದು ಏಳುವವರೆಗೂ ನಾವು ಬಂದ ಕಾರಣ ಹೊರಬೀಳಲಿ ಎಂದು ಕಾದರು. ಕಾರಣವಿಲ್ಲದೆ ಬರುವ ಹಕ್ಕನ್ನೂ ದುಡಿದು ಸಂಪಾದಿಸಬೇಕು ಎಂದು ನನಗೆ ಆವತ್ತು ತಿಳಿಯಿತು. ಇನ್ನೊಂದು ಮನೆಯಲ್ಲಿ, ನಾನು ತೊಟ್ಟಿಲಲ್ಲಿ ನೋಡಿದ್ದ ಮಗು ಮೀಸೆ ತಿರುವುತ್ತ ಬಂದು, “ಅಂಕಲ್, ನೀವು ಯಾರು ಅಂತ ಗೊತ್ತಾಗ್ಲಿಲ್ಲ” ಎಂದಿತು.

ಅಕ್ಕನ ಮನೆಗೆ ಮಾತ್ರ ಪಟ್ಟಿ ಬೇಕಾಗಿರಲಿಲ್ಲ. ಎರಡನೇ ಭಾನುವಾರ ಹೋದೆ. ಊಟ ಬಡಿಸಿದಳು, ಮಾತಿಲ್ಲ. ಮೂರನೇ ಭಾನುವಾರವೂ ಹಾಗೇ. ನಾಲ್ಕನೇ ಸಲ ನಾನು ಚಪ್ಪಲಿ ಬಿಡುತ್ತಿದ್ದೆ, ಒಳಗಿನಿಂದಲೇ ಶುರುವಾಯಿತು. “ಬಂದ ನೋಡು ದೊಡ್ಡ ಸಾವ್ಕಾರ! ಮದ್ವಿ ದಿನ ಕಬ್ಬಿಣ ತಿಕ್ಕಂತ ಕುಂತಿದ್ದ, ಈಗ ವಾರಕ್ಕೊಂದು ಸಲ ಉಣ್ಣಾಕೆ ಬರ್ತಾನೆ. ಆ ಹುಡುಗಿ ಮಾಮ ಬರ್ಲಿ ಮಾಮ ಬರ್ಲಿ ಅಂತ ಮುಹೂರ್ತದ ತನಕ ಬಾಗಿಲು ನೋಡ್ತು, ನಿನ್ನ ಕಣ್ಣಿಗೆ ಅದು ಕಾಣಲಿಲ್ಲಲ್ಲೋ! ಅಷ್ಟು ದೊಡ್ಡದಾತೇನೋ ಆ ಲೇತು ನಿನಗೆ?” ಒಂದು ಗಂಟೆ ಬೈದಳು. ಮಧ್ಯೆ ಭಾವ ಬಿಡಿಸಲು ಬಂದರು. ಸುಮ್ಮನಿರಿ ಎಂದು ನಾನೇ ಕೈಸನ್ನೆ ಮಾಡಿದೆ. ಎರಡು ವರ್ಷದ ಬಾಕಿ, ಅದು ಪೂರ್ತಿ ತೀರಲಿ. ಕೊನೆಗೆ ಅವಳೇ ಸುಸ್ತಾಗಿ, “ಇನ್ನೊಂದು ರೊಟ್ಟಿ ಹಾಕ್ಕೆಂತೀಯೋ ಇಲ್ಲೋ?” ಎಂದಳು. ಆ ರೊಟ್ಟಿಯನ್ನು ಕಣ್ಣು ಮಂಜಾಗಿ ಸರಿಯಾಗಿ ಮುರಿಯಲಾಗಲಿಲ್ಲ. ಅಲ್ಲಿಂದ ಅಕ್ಕನ ಮನೆ ಮತ್ತೆ ನನ್ನ ಮನೆಯಾಯಿತು. ತಿಂಗಳಿಗೊಮ್ಮೆ ಭಾವನ ಜೊತೆ ಅವರ ಕಾಯಂ ಅಂಗಡಿಗೆ ಹೋಗಿ ಕಟಿಂಗೂ ಮಾಡಿಸಿಕೊಂಡು ಬರತೊಡಗಿದೆ.

ಅಲ್ಲೇ ನಾನು ಎಡವಿದ್ದು.

ಐದು ತಿಂಗಳು ಹನುಮಂತನ ಮಾಳಿಗೆ ಹತ್ತಿರಲಿಲ್ಲ. ಮಂಗಳವಾರ ನನಗೆ ಕೆಲಸ, ಭಾನುವಾರ ಅವನ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಬೇರೆ ದಿನ ಸಂಜೆ ಹೋಗಲು ಆಗುತ್ತಿರಲಿಲ್ಲವೇ? ಆಗುತ್ತಿತ್ತು, ಸುಳ್ಳು ಯಾಕೆ. ಕಳೆದುಹೋದವರನ್ನೆಲ್ಲ ಹುಡುಕಿಕೊಂಡು ಊರು ತಿರುಗುವ ಸಂಭ್ರಮದಲ್ಲಿ, ಕಳೆದುಹೋಗದೆ ಜೊತೆಗಿದ್ದವನು ಎಲ್ಲಿಗೆ ಹೋಗುತ್ತಾನೆ ಎಂದುಕೊಂಡಿದ್ದೆ.

ಶ್ರಾವಣದ ಮೋಡದ ಒಂದು ಭಾನುವಾರ, ರತ್ನ ನೆನಪಿಸಿದ ಮೇಲೆ, ಅಂಗಡಿಗೆ ಹೋದೆ. ಹನುಮಂತ ಕನ್ನಡಿಯಲ್ಲೇ ನನ್ನನ್ನು ನೋಡಿದ. “ಬರ್ರಿ, ಕೂಡ್ರಿ. ನಾಲ್ಕು ಜನ ಅದಾರೆ” ಎಂದ.

ಅವನು ನನಗೆ ಮರ್ಯಾದೆ ಕೊಟ್ಟಿದ್ದು ಜೀವಮಾನದಲ್ಲೇ ಮೊದಲು. ಬೆಂಚಿನ ತುದಿಯಲ್ಲಿ ಕೂತು ಹಳೇ ಪೇಪರ್ ಓದಿದೆ. ನನ್ನ ಪಾಳಿ ಬಂತು. ಅವನು ಬಿಳಿ ಬಟ್ಟೆ ಕೊಡವಿ ನನ್ನ ಕೊರಳಿಗೆ ಕಟ್ಟಿದ. ಕಟ್ಟುತ್ತಲೇ ಮೂಗಿಗೆ ಮುಗ್ಗಲು ವಾಸನೆ ಹೊಡೆಯಿತು. ನೀರು ಸರಿಯಾಗಿ ಹಿಂಡದೆ ಮೋಡದಲ್ಲಿ ಒಣಗಿದ ಬಟ್ಟೆಯ ವಾಸನೆ. ಮಡಿಲ ಮೇಲೆ ಸೋಪಿನ ಬಿಳಿ ಗೆರೆಗಳು. ಇನ್ನೊಂದು ತುದಿ ಹಿಡಿಯುವವರಿಲ್ಲ ಎನ್ನುವುದನ್ನು ಬಟ್ಟೆಯೇ ಹೇಳುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಬೆರಳು ನನ್ನ ಹಿಂದಲೆಯ ಮೇಲೆ ಹಾದು ನಿಂತವು.

“ಇದು ಯಾರ ಕೈ?” ಎಂದ.

ನಾನು ಕನ್ನಡಿ ಬಿಟ್ಟು ಬಾಗಿಲ ಕಡೆ ನೋಡಿದೆ.

“ಬಲಗಡೆ ಒಂದು ಎಳೆ ಉದ್ದ ಐತೆ. ಹೊಡೆದು ವಾರ ಆಗೈತೆ ಅಷ್ಟೆ. ಇನ್ನೂ ಬೆಳೀಬೇಕು. ಇಪ್ಪತ್ತು ದಿನ ಬಿಟ್ಟು ಬರ್ರಿ” ಎಂದು ಬಟ್ಟೆ ಬಿಚ್ಚಿದ. “ಯಾರು ಮುಂದಿನೋರು, ಬರ್ರಿ.”

ಇಪ್ಪತ್ತಾರು ವರ್ಷ ಯಾವ ಮಾಲೀಕನೂ ನನ್ನನ್ನು ಮಷಿನ್ ಮುಂದಿನಿಂದ ಎಬ್ಬಿಸಿರಲಿಲ್ಲ. ಇವನು ಕುರ್ಚಿಯಿಂದ ಎಬ್ಬಿಸಿ ಕಳಿಸಿದ. ದಾರಿಯಲ್ಲಿ ಸಿಟ್ಟು ಬಂತು. ಮನೆ ತಲುಪುವ ಹೊತ್ತಿಗೆ ಸಿಟ್ಟು ಇಳಿದು ಬರೀ ವಾಸನೆ ಉಳಿಯಿತು. ಮತ್ತೆ ಅವನ ಮುಂದೆ ನಿಲ್ಲಲು ನನ್ನ ಜಂಬಕ್ಕೆ ಮೂರು ವಾರ ಬೇಕಾಯಿತು. ಅಷ್ಟರಲ್ಲಿ ಕೂದಲು ಕಿವಿ ಮೇಲೆ ಬಂದಿತ್ತು. ಭಾನುವಾರ ಹೋದರೆ ಮತ್ತೆ ಗಿರಾಕಿಯಾಗಿಯೇ ಹೋಗಬೇಕು. ಅವನು ನನಗೆ ಸಿಗುವುದಾದರೆ ಮಂಗಳವಾರ ಮಾತ್ರ ಎಂದು ಗೊತ್ತಾಯಿತು.

ಹಾಗಾಗಿ ಮೂವತ್ತೆರಡು ವರ್ಷದ ನಂತರ ನಾನು ರಜೆ ಚೀಟಿ ಬರೆಯಲು ಕೂತೆ. ‘ಮಾನ್ಯರೇ’ ತಾನಾಗಿ ಬಂತು. ‘ನಿನ್ನೆಯಿಂದ ಜ್ವರ’ ಎಂದೂ ಕೈ ಬರೆಯಲು ಹೊರಟಿತ್ತು, ತಡೆದೆ. ಇಪ್ಪತ್ತಾರು ವರ್ಷ ಇಟ್ಟುಕೊಂಡ ರಜೆಯನ್ನು ಸುಳ್ಳು ಹೇಳಿ ತೆಗೆದುಕೊಳ್ಳುವುದೇ? ‘ಗೆಳೆಯ ಮುನಿಸಿಕೊಂಡಿದ್ದಾನೆ’ ಎಂದು ಬರೆದರೆ ನಲವತ್ತಾರರ ಗಂಡಸು ನಗೆಪಾಟಲಾಗುತ್ತಾನೆ. ಯೋಚಿಸಿ, ಅರ್ಧ ನಿಜ ಬರೆದೆ: ‘ಕಟಿಂಗ್ ಮಾಡಿಸಬೇಕಾಗಿರುವ ಕಾರಣ ಮಂಗಳವಾರ ಒಂದು ದಿನ ರಜೆ ನೀಡಬೇಕಾಗಿ ವಿನಂತಿ.’

ಇಂಜಿನಿಯರು ಎರಡು ಸಲ ಓದಿದ. “ಬಸಣ್ಣೋರೆ, ಮಂಗಳವಾರ ಯಾವ ಅಂಗಡಿ ತೆಗೆದಿರ್ತೈತ್ರಿ?”

“ನನಗೆ ಗೊತ್ತಿರೋ ಒಂದು ಮನೆ ಐತೆ ಸರ್.”

ಅವನು ನನ್ನ ಕಿವಿಯ ಮೇಲಿನ ಕೂದಲು ನೋಡಿ ಸಹಿ ಹಾಕಿದ.

ಮಂಗಳವಾರ ಬೆಳಿಗ್ಗೆ ಮಾಳಿಗೆ ಹತ್ತಿದೆ. ಹನುಮಂತ ಬಟ್ಟೆಯ ಒಂದು ತುದಿಯನ್ನು ನೀರಿನ ಟ್ಯಾಂಕಿನ ಪೈಪಿಗೆ ಕಟ್ಟಿ, ಇನ್ನೊಂದು ತುದಿ ಹಿಡಿದು ತಿರುವುತ್ತಿದ್ದ. ಪೈಪು ಎಡಕ್ಕೆ ತಿರುಗುತ್ತದೆಯೇ? ನೀರು ಸುರಿಯುವ ಬದಲು ಗಂಟು ಬಿಚ್ಚಿಕೊಳ್ಳುತ್ತಿತ್ತು. ನಾನು ಹೋಗಿ ಗಂಟು ಬಿಚ್ಚಿ ಆ ತುದಿ ಹಿಡಿದೆ. ಅವನು ನನ್ನ ಮುಖ ನೋಡಲಿಲ್ಲ, ಬಲಕ್ಕೆ ತಿರುವಿದ. ನಾನು ಎಡಕ್ಕೆ. ನೀರು ಧಾರೆಯಾಗಿ ಇಳಿಯಿತು. ಹೀಗೆ ನಾಲ್ಕು ಬಟ್ಟೆ, ಮಾತಿಲ್ಲದೆ. ಐದನೆಯದಕ್ಕೆ ಅವನು ಕೇಳಿದ:

“ಯಾಕಲೇ, ಕೆಲಸ ಹೋತಾ?”

ಆ ‘ಲೇ’ ಕೇಳಿ ನನಗೆ ಉಸಿರು ಬಂತು. “ರಜ ಹಾಕೀನಿ.”

“ನೀನು? ರಜ? ಸೋದರಸೊಸಿ ಮದ್ವಿಗೆ ಹಾಕದೋನು?”

“ಚೀಟಿ ಬರ್ದು ಕೊಟ್ಟೀನಿ.”

“ಏನಂತ? ಜ್ವರ ಅಂತನಾ?”

“ಕಟಿಂಗ್ ಅಂತ.”

ಹನುಮಂತ ನಕ್ಕ ನಗೆಗೆ ಅವನ ಕೈಯಲ್ಲಿದ್ದ ತುದಿ ಜಾರಿ, ಹಿಂಡಿದ ಬಟ್ಟೆ ಪೂರ್ತಿ ಮಾಳಿಗೆಯ ಕೆಸರಿಗೆ ಬಿತ್ತು. “ಅದನ್ನ ನೀನೇ ಒಗಿ” ಎಂದ. ಒಗೆದೆ. ಮಂಡಕ್ಕಿ ಬಂತು, ಟೀ ಬಂತು. ಹರಿಹರದ ಕತ್ತರಿಯ ಬಗ್ಗೆ ಅರ್ಧ ಗಂಟೆ ಉಗಿಸಿಕೊಂಡೆ. ಹೊರಡುವಾಗ ಮೆಲ್ಲಗೆ, “ಹೆಂಗೂ ರಜ ಹಾಕಿ ಬಂದೀನಿ, ಒಂದೀಟು ಕಿವಿ ಸುತ್ತನಾದ್ರೂ...” ಎಂದೆ.

“ಮಂಗಳವಾರ ಕತ್ತರಿ ಮುಟ್ಟಲ್ಲ. ಭಾನುವಾರ ಬಂದು ಪಾಳಿಯಾಗೆ ಕೂಡು.”

ಬುಧವಾರ ಇಂಜಿನಿಯರು ನನ್ನ ತಲೆಯನ್ನೇ ನೋಡುತ್ತ ಬಂದ. “ಏನ್ರಿ, ಕೂದಲು ಹಂಗೇ ಐತಲ್ಲ?” “ಅಂಗಡಿ ಮುಚ್ಚಿತ್ತು ಸರ್” ಎಂದೆ. ಸಂಜೆ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. “ನನ್ನ ಮಗಳ ಮದ್ವಿಗೆ ಇಲ್ಲದ ರಜ ಅವನ ಬಟ್ಟೆ ಹಿಂಡಾಕೆ ಬಂತೇನೋ?” ಎಂದು ಮತ್ತೆ ಶುರು ಮಾಡಿದಳು. ಬೈಯಲಿ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡೆ. ಶಾಫ್ಟಿನ ಮೇಲೆ ಗೆರೆ ಬಿದ್ದಿದ್ದರೆ ಇನ್ನೊಂದು ಶಾಫ್ಟ್ ಮಾಡಬಹುದಿತ್ತು. ಇದು ನನಗೆ ತಡವಾಗಿ ಹೊಳೆದ ಪಾಠ. ಎಂಟೂವರೆ ತರಗತಿ ಓದಿದವನಿಗೆ ಇಷ್ಟು ತಡ ಸಹಜವೇ ಎಂದು ನೀವು ದೊಡ್ಡ ಮನಸ್ಸು ಮಾಡಬೇಕು.

ಈಗ ನನ್ನ ಹತ್ತಿರ ಇರುವುದು ಇಷ್ಟು. ವರ್ಷಕ್ಕೆ ಐವತ್ತೆರಡು ಭಾನುವಾರ. ರತ್ನಳ ಪಟ್ಟಿಯಲ್ಲಿ ಇನ್ನೂ ಹೋಗದ ಒಂಬತ್ತು ಮನೆ. ಬೈಯುವ ಅಕ್ಕ ಒಬ್ಬಳು. ಚೀಟಿ ಬರೆದು ತೆಗೆದುಕೊಳ್ಳುವ ರಜೆ ಹನ್ನೆರಡು. ಹನ್ನೆರಡನ್ನೂ ತಿಂಗಳಿಗೊಂದು ಮಂಗಳವಾರಕ್ಕೆ ಎತ್ತಿಟ್ಟಿದ್ದೇನೆ. ಅದರಲ್ಲಿ ಒಂದು ಮುಗಿದಿದೆ, ಹನ್ನೊಂದು ಉಳಿದಿವೆ. ಒದ್ದೆ ಬಟ್ಟೆಯ ಆ ತುದಿ ಹಿಡಿಯುವವನು ಒಬ್ಬ.